ಭಾನುವಾರದ ಧೂಳು

ಧನುರ್ಮಾಸ ಬಂತೆಂದರೆ ಮನೋಹರನಿಗೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಲಗ್ನಪತ್ರಿಕೆಯ ಅಂಗಡಿ ಅದು, ಅವನ ತಾತನ ಕಾಲದಿಂದ ಪೇಟೆಯಲ್ಲಿ ಇರುವಂಥದ್ದು. ಸಂಕ್ರಾಂತಿ ಕಳೆಯದೆ ಯಾರೂ ಮದುವೆಯ ಮಾತೆತ್ತುವುದಿಲ್ಲ, ಇನ್ನು ಪತ್ರಿಕೆ ಕೇಳಿಕೊಂಡು ಬರುವವರು ಎಲ್ಲಿ? ಹಾಗಾಗಿ ಆ ತಿಂಗಳು ಅವನು ಮಧ್ಯಾಹ್ನದ ಊಟಕ್ಕೆ ಚಾಮರಾಜಪೇಟೆಯ ಮನೆಗೇ ಬರುತ್ತಿದ್ದ. ಉಂಡು ಒರಗುತ್ತಿದ್ದ. ಒರಗಿದಲ್ಲಿಂದಲೇ ಮನೆಯ ಎಲ್ಲ ವಿಚಾರಕ್ಕೂ ಬಾಯಿ ಹಾಕುತ್ತಿದ್ದ. ಗಂಡಸರು ಹಗಲು ಹೊತ್ತು ಮನೆಯಲ್ಲಿದ್ದರೆ ಜಗಳಕ್ಕೆ ಬೇರೆ ಕಾರಣ ಬೇಡ ಎಂಬುದನ್ನು ಅವನ ತಾಯಿ ಶೈಲಜಮ್ಮ ಎಷ್ಟೋ ವರ್ಷದಿಂದ ಕಂಡುಕೊಂಡಿದ್ದರು. ತೀರಿಕೊಂಡ ಯಜಮಾನರೂ ಹಾಗೆಯೇ ಇದ್ದರು.

ಅವತ್ತು ಅವರೆಕಾಳು ಹಿತುಕುತ್ತಿದ್ದರು. ನೆನೆದ ಕಾಳಿನ ಪಾತ್ರೆಯ ಸುತ್ತ ಶೈಲಜಮ್ಮ, ಸೊಸೆ ಶಿವರಂಜಿನಿ, ಮೊಮ್ಮಗಳು ಸಾನ್ವಿ ಕೂತಿದ್ದರು. ಬೆರಳ ಸಂದಿಯಿಂದ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಕೆಲವು ಮನೋಹರನ ದಿನಪತ್ರಿಕೆಯ ಮೇಲೂ ಬೀಳುತ್ತಿದ್ದವು.

"ಅಪ್ಪ, ಈ ಭಾನುವಾರ ನಾನಿರಲ್ಲ," ಎಂದಳು ಸಾನ್ವಿ. "ನೆಲಮಂಗಲದಾಚೆ ಬೈಕ್ ರೇಸ್ ಇದೆ. ಫೋಟೋ ತೆಗೀಬೇಕು."

"ಬೈಕಿಗೆ ಬೈಕಿಗೆ ಮದುವೆನಾ ಅಲ್ಲಿ?"

"ತಮಾಷೆ ಬೇಡ ಅಪ್ಪ."

"ನಾನೆಲ್ಲಿ ತಮಾಷೆ ಮಾಡ್ದೆ? ಕಾರ್ಡ್ ತಗೊಂಡೋರಿಗೆಲ್ಲ ನನ್ನ ಮಗಳು ಫೋಟೋನೂ ತೆಗೀತಾಳೆ ಅಂತ ಹೇಳಿ ಹೇಳಿ ನಾಲ್ಕು ಮನೆ ಹಿಡ್ಕೊಟ್ಟಿದೀನಿ. ಮುಹೂರ್ತ ಅಂದ್ರೆ ಭಾನುವಾರ. ನೀನು ಧೂಳಲ್ಲಿ ನಿಂತ್ಕೋತೀನಿ ಅಂತೀಯ. ಧೂಳಿಗೆ ಯಾರು ದುಡ್ಡು ಕೊಡ್ತಾರೆ?"

"ಓಕಳಿಪುರದ ಆಂಜಿನಯ್ಯ ಅಂಕಲ್ ಕೊಡ್ತಾರೆ. ಅವರದ್ದು ಗ್ಯಾರೇಜು, ಒಂದು ಸಣ್ಣ ಟೀಮೂ ಇದೆ. ಸ್ಪಾನ್ಸರ್‌ಗೆ ತೋರಿಸೋಕೆ ಒಳ್ಳೆ ಫೋಟೋ ಬೇಕಂತೆ. ಈ ಸಲದ್ದು ನೋಡ್ತಾರೆ, ಚೆನ್ನಾಗಿದ್ರೆ ಎಲ್ಲ ರೇಸಿಗೂ ಕರೀತಾರೆ. ಈ ಸಲದ್ದಕ್ಕೂ ಆಗ ಸೇರಿಸಿ ಕೊಡ್ತಾರಂತೆ."

"ಚೆನ್ನಾಗಿಲ್ಲ ಅಂದ್ರೆ?"

"ಚೆನ್ನಾಗಿರುತ್ತೆ," ಎಂದಳು ಶಿವರಂಜಿನಿ, ಕಾಳಿನಿಂದ ಕಣ್ಣೆತ್ತದೆ. "ಹೇಗಿದ್ರೂ ಈ ತಿಂಗಳು ಮುಹೂರ್ತ ಇಲ್ಲ. ಹೋಗ್ಬರ್ಲಿ ಬಿಡಿ."

ಮನೋಹರ ಪತ್ರಿಕೆ ಮಡಚಿದ. "ಸಂಕ್ರಾಂತಿ ತನಕ ನಿನ್ನ ಭಾನುವಾರ ನಿಂದು. ಅಷ್ಟರಲ್ಲಿ ಆ ಗ್ಯಾರೇಜಿನೋನು ಕೆಲಸ ಖಾಯಂ ಮಾಡಿದ್ರೆ ನಾನು ಮಾತಾಡಲ್ಲ. ಇಲ್ಲಾಂದ್ರೆ ಆಮೇಲೆ ಒಂದು ಮುಹೂರ್ತಾನೂ ಬಿಡೋ ಹಾಗಿಲ್ಲ. ಒಪ್ಪಿದ್ಯಾ?"

"ಒಪ್ಪಿದೆ."

ಶೈಲಜಮ್ಮ ಕಾಳು ಹಿತುಕುತ್ತಲೇ ಇದ್ದರು. ಬೈಕಿನ ರೇಸೆಂದರೆ ಏನೆಂದು ಆಕೆಗೆ ಗೊತ್ತಿರಲಿಲ್ಲ. ಖಾಯಂ ಎಂಬ ಮಾತು ಮಾತ್ರ ಗೊತ್ತಿತ್ತು. ಈ ಮನೆಯ ಗಂಡಸರ ಬಾಯಲ್ಲಿ ಆ ಮಾತು ಬಂದರೆ ಅದು ಅಲ್ಲಿಗೆ ನಿಲ್ಲುತ್ತದೆ ಎಂಬುದೂ ಗೊತ್ತಿತ್ತು.

ಮಾರನೆಯ ದಿನದಿಂದ ಸಾನ್ವಿ ಮನೆಯ ಮುಂದಿನ ರಸ್ತೆಯಲ್ಲಿ ನಿಂತು ಅಭ್ಯಾಸ ಶುರುಮಾಡಿದಳು. ಓಡುವ ಗಾಡಿಯ ಜತೆಗೇ ಸೊಂಟ ತಿರುಗಿಸಿ ಕ್ಯಾಮೆರಾವನ್ನೂ ತಿರುಗಿಸಬೇಕಂತೆ. ಆಗ ಗಾಡಿ ನಿಚ್ಚಳವಾಗಿ ಬಂದು ಹಿಂದಿನದೆಲ್ಲ ಗೀಟು ಗೀಟಾಗುತ್ತದಂತೆ. ಅವಳು ಹಳೆಯ ಉದ್ದನೆಯ ಲೆನ್ಸು ಹಿಡಿದು ನಿಂತದ್ದೇ ತಡ, ಹೆಲ್ಮೆಟ್ಟಿಲ್ಲದ ಸ್ಕೂಟರಿನವರೆಲ್ಲ ಪೊಲೀಸರು ದಂಡಕ್ಕೆ ಫೋಟೋ ತೆಗೆಯುತ್ತಿದ್ದಾರೆಂದು ಅರ್ಧ ದಾರಿಯಲ್ಲೇ ಗಾಡಿ ತಿರುಗಿಸಿಕೊಂಡು ಹೋದರು. ಒಬ್ಬ ಆಟೋದವನು ನಿಲ್ಲಿಸಿ, "ಮೇಡಂ, ಒನ್‌ವೇ ಅಂತ ಬೋರ್ಡೇ ಇಲ್ಲ, ಕೇಸ್ ಹಾಕಂಗಿಲ್ಲ," ಎಂದು ವಾದಕ್ಕೇ ನಿಂತ. ಎದುರು ಮನೆಯವರು ಶೈಲಜಮ್ಮನನ್ನು ಕೇಳಿದರು, "ನಿಮ್ಮ ಹುಡುಗಿಗೆ ಪೊಲೀಸ್ ಕೆಲಸ ಸಿಕ್ತಾ?"

ತೆಗೆದದ್ದನ್ನು ಅವಳು ಅಜ್ಜಿಗೆ ತೋರಿಸುತ್ತಿದ್ದಳು.

"ಇದೇನೇ, ಹಿಂದೆ ಎಲ್ಲಾ ಕಲಸಿಹೋಗಿದೆ. ನಮ್ಮ ಗೇಟೇ ಕಾಣ್ತಿಲ್ಲ."

"ಅದೇ ಬೇಕಾಗಿರೋದು ಅಜ್ಜಿ. ಗೇಟು ಕಂಡ್ರೆ ಗಾಡಿ ನಿಂತಂಗಿರುತ್ತೆ."

"ಗೇಟಿಗೆ ಈಗ ತಾನೇ ಬಣ್ಣ ಹೊಡೆಸಿದ್ದು," ಎಂದರು ಶೈಲಜಮ್ಮ.

ಆ ಭಾನುವಾರ ಕತ್ತಲಿರುವಾಗಲೇ ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದಳು. ಮುಡಿಯಿಂದ ಅಂಗಾಲಿನ ತನಕ ಕೆಂಪು ಧೂಳು, ಕಣ್ಣ ರೆಪ್ಪೆಯೂ ಕೆಂಪು. ಶಿವರಂಜಿನಿ ಹೊಸ್ತಿಲಲ್ಲೇ ತಡೆದು, "ಅಲ್ಲೇ ನಿಲ್ಲು, ಬಟ್ಟೆ ಕೊಡವಿ ಬಾ," ಎಂದಳು. ಸಾನ್ವಿ ತನ್ನನ್ನು ಬಿಟ್ಟು ಮೊದಲು ಲೆನ್ಸನ್ನು ಒರೆಸಿದಳು. ಆಮೇಲೆ ನೀರು ಹೊಯ್ದುಕೊಂಡು ಬಂದು, ಬಿಸಿ ಮುದ್ದೆ, ಹಿತಕಿದ ಬೇಳೆಯ ಸಾರು ಉಣ್ಣುತ್ತಲೇ ಲ್ಯಾಪ್‌ಟಾಪ್ ತೆರೆದಳು.

ಶೈಲಜಮ್ಮ ಪಕ್ಕದಲ್ಲಿ ಕೂತು ನೋಡಿದರು. ಒಂದಾದ ಮೇಲೊಂದು ಗಾಡಿ, ಒಂದಾದ ಮೇಲೊಂದು ಹೆಲ್ಮೆಟ್ಟು, ನೆಲ ಬಿಟ್ಟು ಹಾರಿದ ಚಕ್ರ, ಧೂಳು. ಯಾರಿಗೂ ಮುಖವಿಲ್ಲ. ಆಕೆಗೆ ಆಕಳಿಕೆ ಬಂತು. ಅಷ್ಟರಲ್ಲಿ ಒಂದು ಬಂತು: ಒಬ್ಬ ಹುಡುಗ ಮರದ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದಾನೆ. ರೇಸಿನ ಉಡುಪು ಸೊಂಟಕ್ಕಿಳಿಸಿ ತೋಳುಗಳನ್ನು ಗಂಟು ಹಾಕಿಕೊಂಡಿದ್ದಾನೆ. ಬೆವರಿಗೆ ಅಂಟಿದ ಬನಿಯನ್ನಿನ ಮೇಲೆ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ.

"ನಿಲ್ಸು ನಿಲ್ಸು. ಇವನ್ಯಾರು?"

"ಶಶಿಕಿರಣ್. ಆಂಜಿನಯ್ಯ ಅಂಕಲ್ ಟೀಮಲ್ಲಿ ಇವನೇ ಮುಖ್ಯ."

"ಲಿಂಗ ಕಟ್ಕೊಂಡಿದಾನೆ!"

"ಹೂಂ. ರೇಸಲ್ಲೂ ತೆಗಿಯಲ್ಲ. ಎದೆಗೆ ಗಾರ್ಡ್ ಹಾಕ್ತಾರಲ್ಲ, ಅದರೊಳಗೆ ಸೇರಿಸಿಕೊಂಡು ಓಡಿಸ್ತಾನೆ."

ಶೈಲಜಮ್ಮ ಸ್ವಲ್ಪ ಹೊತ್ತು ಆ ಹುಡುಗನನ್ನೇ ನೋಡಿದರು. ಅವರ ಮನೆಯಲ್ಲೇ ಮಗ ಕರಡಿಗೆಯನ್ನು ದೇವರ ಮಾಡದಲ್ಲಿಟ್ಟು ಕಾಲವಾಗಿತ್ತು. ಕೇಳಿದರೆ ಅಂಗಡಿಯಲ್ಲಿ ಸೆಕೆ ಎನ್ನುತ್ತಿದ್ದ.

"ಇದನ್ನ ನನ್ನ ಫೋನಿಗೆ ಹಾಕು."

"ಯಾಕಜ್ಜಿ?"

"ಇಟ್ಕೊಂಡಿರ್ತೀನಿ."

"ಹಾಕ್ತೀನಿ. ಆದ್ರೆ ಯಾರಿಗೂ ತೋರಿಸ್ಬೇಡ. ಟೀಮಿನೋರು ನೋಡೋ ಮೊದಲು ಹೊರಗೆ ಹೋಗ್ಬಾರ್ದು. ಈ ಕೆಲಸದಲ್ಲಿ ಅದೇ ಮೊದಲನೇ ಮಾತು."

"ನಾನ್ಯಾರಿಗೆ ತೋರಿಸ್ಲಿ," ಎಂದರು ಶೈಲಜಮ್ಮ.

ಎರಡು ದಿನ ಬಿಟ್ಟು ಆಂಜಿನಯ್ಯ ಫೋನ್ ಮಾಡಿದ. ಫೋಟೋಗಳು ಅವನಿಗೆ ಹಿಡಿಸಿದ್ದವು. ಉಳಿದ ರೇಸುಗಳಿಗೂ ಬಾ, ದುಡ್ಡು ಕೊಡುತ್ತೇನೆ ಎಂದ. ಸಾನ್ವಿ ಅಡುಗೆಮನೆಗೆ ಓಡಿಬಂದು ತಾಯಿಯನ್ನು ಹಿಂದಿನಿಂದ ಅಪ್ಪಿಕೊಂಡಳು, ಒಗ್ಗರಣೆ ಸೀದುಹೋಯಿತು. ಮನೋಹರ ಸೀದ ವಾಸನೆಗೆ ಮುಖ ಕಿವುಚಿಕೊಂಡು, "ಆಯ್ತು ಬಿಡು," ಎಂದಷ್ಟೇ ಹೇಳಿದ.

ಟೀಮಿನವರು ನೋಡಿಯಾಯಿತಲ್ಲ ಎಂದು ಶೈಲಜಮ್ಮ ಲೆಕ್ಕ ಹಾಕಿದರು. ಅದೂ ಅಲ್ಲದೆ, ಯಾರಿಗೂ ಎಂದರೆ ಹೊರಗಿನವರಿಗೆ. ಬಳಗದವರು ಹೊರಗಿನವರಾಗುವುದು ಹೇಗೆ? ಆಕೆಯ ಫೋನಿನಲ್ಲಿ ಬಳಗದ ವಧೂವರರ ಗುಂಪೊಂದಿತ್ತು. ತುಮಕೂರು, ತಿಪಟೂರು, ಮೈಸೂರಿನ ತನಕ ಹರಡಿದ ಹೆಂಗಸರು ಅದರಲ್ಲಿದ್ದರು. ಶೈಲಜಮ್ಮ ಕೂಡಿಸಿದ ಜೋಡಿಗಳಿಗೆ ಈಗ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಬೆಳಗಿನ ಲಿಂಗಪೂಜೆ ಮುಗಿಸಿ, ವಿಭೂತಿ ಇನ್ನೂ ಹಸಿಯಿರುವಾಗಲೇ ಆಕೆ ಆ ಫೋಟೋವನ್ನು ಗುಂಪಿಗೆ ಹಾಕಿದರು. ಬರೆಯಲು ಬೆರಳು ಒಗ್ಗದಿದ್ದರಿಂದ ಮಾತಾಡಿಯೇ ಕಳಿಸಿದರು: "ನೋಡ್ರಮ್ಮ, ಬೈಕ್ ರೇಸ್ ಓಡಿಸೋ ಹುಡುಗ. ಹೆಸರು ಶಶಿಕಿರಣ್. ಅಂಗದ ಮೇಲೆ ಲಿಂಗ ಬಿಟ್ಟಿಲ್ಲ. ಯಾರ ಮನೆಯವನು, ಮದುವೆ ಆಗಿದೆಯಾ ಅಂತ ಗೊತ್ತಿದ್ದೋರು ಹೇಳಿ."

ಗೊತ್ತಿದ್ದವರು ಇದ್ದರು. ಉತ್ತರ ಊಟದ ಹೊತ್ತಿಗೇ ಬಂತು. ಮತ್ತಿಕೆರೆಯ ಗಿರಿಜಾಂಬಾ ಎನ್ನುವವರ ದನಿ: "ಅವನು ನನ್ನ ಮಗ. ರೇಸ್ ಅಂದ್ರೇನಮ್ಮ? ಭಾನುವಾರ ಆಫೀಸಲ್ಲಿ ಕೆಲಸ ಅಂತ ಹೇಳಿ ಹೋಗಿದ್ದ."

ಸಂಜೆ ಸಾನ್ವಿಯ ಫೋನಿಗೆ ಆಂಜಿನಯ್ಯನ ಕರೆ. ಅವಳು ಕೈಗೆಲ್ಲ ಹಿಟ್ಟಾಗಿದೆಯೆಂದು ಸ್ಪೀಕರ್ ಹಾಕಿದಳು. ಹಾಗಾಗಿ ಮನೆಯವರೆಲ್ಲ ಕೇಳಿದರು.

"ಏನಮ್ಮ, ಫೋಟೋ ತೆಗಿ ಅಂದ್ರೆ ನನ್ನ ರೈಡರನ್ನೇ ತೆಗ್ದುಬಿಟ್ಯಲ್ಲ! ಅವರಮ್ಮ ಬಂದು ಗ್ಯಾರೇಜಲ್ಲಿ ಬೈಕ್ ಮುಂದೆ ಕೂತವ್ರೆ. ಏಳಂಗೇ ಇಲ್ಲ."

"ನಾನು ಯಾರಿಗೂ ಕೊಟ್ಟಿಲ್ಲ ಅಂಕಲ್."

"ಮತ್ತೆ ಮದುವೆ ಗುಂಪಿಗೆ ಹೆಂಗ್ ಹೋಯ್ತು? ಹಿಂದೊಂದ್ಸಲ ಬಿದ್ದು ಹೆಗಲ ಮೂಳೆ ಮುರ್ಕೊಂಡಿದ್ನಂತೆ. ಇನ್ನು ಓಡ್ಸಲ್ಲ ಅಂತ ಲಿಂಗ ಮುಟ್ಟಿ ಅವರಮ್ಮಂಗೆ ಆಣೆ ಮಾಡಿದ್ನಂತೆ. ನನಗೂ ಗೊತ್ತಿರ್ಲಿಲ್ಲ. ಇಲ್ಲಿ ಅರ್ಧ ಹುಡುಗ್ರು ಮನೇಲಿ ಹೇಳಿ ಬಂದಿಲ್ಲಮ್ಮ. ನೀನು ಬಂದ್ರೆ ಹೆಲ್ಮೆಟ್ಟೇ ಬಿಚ್ಚಲ್ಲ ಅಂತವ್ರೆ. ಮುಂದಿನದಕ್ಕೆ ಬರಬೇಡ. ಬೇಜಾರ್ ಮಾಡ್ಕೋಬೇಡ."

ಫೋನು ನಿಂತಿತು. ಸಾನ್ವಿ ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು.

"ಅಜ್ಜಿ. ಯಾರಿಗೂ ತೋರಿಸ್ಬೇಡ ಅಂದಿದ್ದೆ."

"ನಮ್ಮೋರಿಗೆ ತಾನೇ ತೋರಿಸ್ದೆ."

"ನನಗೆ ಗಂಡು ಹುಡುಕ್ತಿದ್ಯಾ?"

"ನಿನಗೇ ಅಂತ ಅಲ್ಲ," ಎಂದರು ಶೈಲಜಮ್ಮ. ಸ್ವಲ್ಪ ತಡೆದು, "ನಿನಗಲ್ಲ ಅಂತಾನೂ ಅಲ್ಲ."

"ಅತ್ತೆ!" ಎಂದಳು ಶಿವರಂಜಿನಿ. ಲಟ್ಟಣಿಗೆಯನ್ನು ಮಣೆಯ ಮೇಲೆ ಕುಕ್ಕಿದ ಸದ್ದಿಗೆ ಮನೋಹರ ಒಳಗೆ ಬಂದ. "ಅವಳು ವಾರವೆಲ್ಲ ಬಿಸಿಲಲ್ಲಿ ನಿಂತು ಸಂಪಾದಿಸಿದ್ದನ್ನ ನೀವು ಒಂದು ಬೆರಳಲ್ಲಿ ಕಳೆದ್ರಲ್ಲ."

"ಆಗಿದ್ದಾಯ್ತು," ಎಂದ ಮನೋಹರ. "ಮಾಘಮಾಸದ ಮೊದಲನೇ ಭಾನುವಾರ ಒಂದು ಮದುವೆ ಒಪ್ಕೊಂಡಿದೀನಿ. ಅದಕ್ಕೆ ರೆಡಿಯಾಗ್ಲಿ."

"ಖುಷಿ ಆಯ್ತಾ ಅಪ್ಪ?"

"ನನಗ್ಯಾಕೆ ಖುಷಿ? ಮಾತು ಮಾತೇ ಅಂದೆ."

ಅವತ್ತಿನಿಂದ ಸಾನ್ವಿ ಅಜ್ಜಿಯ ಜತೆ ಮಾತು ಬಿಟ್ಟಳು. ಶೈಲಜಮ್ಮನ ಕಣ್ಣಿನ ಪೊರೆ ತೆಗೆಸಿ ಹೆಚ್ಚು ದಿನವಾಗಿರಲಿಲ್ಲ. ದಿನಾ ಸಂಜೆ ಸಾನ್ವಿಯೇ ಅಜ್ಜಿಯ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಣ್ಣಿಗೆ ಔಷಧಿ ಬಿಡುತ್ತಿದ್ದಳು. ಈಗ ಸೊಸೆ ನಿಂತುಕೊಂಡೇ ಬಿಟ್ಟು ಹೋಗುತ್ತಿದ್ದಳು, ಅರ್ಧ ಕೆನ್ನೆಗೆ ಹರಿಯುತ್ತಿತ್ತು. ಎರಡನೆಯ ರೇಸಿನ ಭಾನುವಾರ ಸಾನ್ವಿ ಮನೆಯಲ್ಲೇ ಇದ್ದಳು. ಕರೆಯದೆಯೇ ಅಂಗಡಿಗೆ ಹೋಗಿ ಹಳೇ ಪತ್ರಿಕೆಯ ಮಾದರಿಗಳ ಧೂಳು ಹೊಡೆದು ಬಂದಳು. ಶೈಲಜಮ್ಮ ಗುಂಪಿಗೆ ಇನ್ನೊಮ್ಮೆ ಮಾತಾಡಿ ಕಳಿಸಿದರು: "ಆ ಫೋಟೋ ಹಾಕಿದ್ದು ನನ್ನ ತಪ್ಪು. ನಮ್ಮ ಹುಡುಗಿ ಬೇಡ ಅಂದಿದ್ಲು." ಇಬ್ಬರು ಕೈಮುಗಿದ ಚಿತ್ರ ಹಾಕಿದರು. ತಿಪಟೂರಿನವರೊಬ್ಬರು ಹುಡುಗನ ಜಾತಕ ಇದೆಯೇ ಎಂದು ಕೇಳಿದರು.

ಸಂಕ್ರಾಂತಿಗೆ ಕೊಬ್ಬರಿ ಹೆಚ್ಚುತ್ತಿದ್ದ ಒಂದು ಮಧ್ಯಾಹ್ನ ಗಿರಿಜಾಂಬಾ ಮನೆಗೇ ಬಂದರು. ಗುಂಪಿನವರನ್ನು ಕೇಳಿ ವಿಳಾಸ ಪಡೆದಿದ್ದರು. ಗಟ್ಟಿಮುಟ್ಟಾದ ಹೆಂಗಸು. ಕೈಚೀಲವನ್ನು ಎದೆಗವಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ಕಾಫಿ ಬೇಡವೆಂದರು, ತಂದಿಟ್ಟಾಗ ಕುಡಿದರು.

"ಫೋಟೋ ತೆಗೆದೋಳು ನೀನೇ ಏನಮ್ಮ? ನನ್ನ ಮಗನವು ಎಷ್ಟಿದಾವೋ ಅಷ್ಟೂ ಕೊಡು. ನಿನ್ನ ಹತ್ರ ಒಂದೂ ಇರಬಾರದು. ನೀನು ಕೇಳಿದಷ್ಟು ಕೊಡ್ತೀನಿ." ಚೀಲದಿಂದ ನೋಟಿನ ಕಂತೆ ತೆಗೆದು ಕೊಬ್ಬರಿಯ ತಟ್ಟೆಯ ಪಕ್ಕ ಇಟ್ಟರು. "ನಾಳೆ ಹೆಣ್ಣು ಕೊಡೋರು ಇದನ್ನೆಲ್ಲ ನೋಡಿದ್ರೆ ಏನಂತಾರೆ?"

ಮನೋಹರ ಬಾಗಿಲಲ್ಲಿ ನಿಂತಿದ್ದ. ಕೊಟ್ಟುಬಿಡು ಎಂದು ಮಗಳಿಗೆ ಕಣ್ಣಲ್ಲೇ ಹೇಳಿದ. ಕಂತೆ ಒಂದು ಮದುವೆಯ ಸಂಪಾದನೆಗಿಂತ ದಪ್ಪವಾಗಿತ್ತು.

"ಆಂಟಿ, ಅವು ನನ್ನವಲ್ಲ," ಎಂದಳು ಸಾನ್ವಿ. "ಆಂಜಿನಯ್ಯ ಅಂಕಲ್ ತೆಗೆಸಿದ್ದು. ನಾನು ಮಾರೋ ಹಾಗಿಲ್ಲ."

"ಅವನು ದುಡ್ಡು ಕೊಟ್ಟಿದಾನಾ?"

"ಇನ್ನೂ ಇಲ್ಲ."

"ಮತ್ತೆ?"

"ಮಾತು ಆಗಿತ್ತಲ್ಲ."

ಗಿರಿಜಾಂಬಾ ಶೈಲಜಮ್ಮನ ಕಡೆ ತಿರುಗಿದರು. "ನೋಡಿದ್ರಾ ಅಮ್ಮ, ನೀವು ಊರಿಗೆಲ್ಲ ಬಿಟ್ಟಿ ಹಂಚಿದ್ರಿ. ಹೆತ್ತೋಳು ದುಡ್ಡು ಕೊಡ್ತೀನಿ ಅಂದ್ರೂ ಸಿಗಲ್ಲ."

ಶೈಲಜಮ್ಮ ತಲೆ ತಗ್ಗಿಸಿ ಕೊಬ್ಬರಿ ಹೆಚ್ಚಿದರು.

"ತೋರಿಸ್ತೀನಿ ಬನ್ನಿ," ಎಂದು ಸಾನ್ವಿ ಲ್ಯಾಪ್‌ಟಾಪ್ ತಂದಳು. ಗಿರಿಜಾಂಬಾ ಕನ್ನಡಕ ಏರಿಸಿಕೊಂಡು ನೋಡುತ್ತ ಹೋದರು. ಒಂದು ಕಡೆ ನಿಂತರು. ಒಂದು ಗಾಡಿ ಆಳೆತ್ತರಕ್ಕೆ ಹಾರಿತ್ತು.

"ಇವನ್ಯಾವ ಹುಚ್ಚ?"

"ಇವನೇ ಆಂಟಿ. ನಿಮ್ಮ ಮಗ."

ಗಿರಿಜಾಂಬಾರ ಬೆರಳು ತೆರೆಯ ತನಕ ಹೋಗಿ ಹಿಂದೆ ಬಂತು. "ನನಗೇ ಗುರುತು ಸಿಗ್ಲಿಲ್ಲ," ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಗುಂಪಿಗೆ ಬಂದಿತ್ತಲ್ಲ, ಮುಖ ಇರೋದು ಅದೊಂದೇನಾ?"

"ಅದೊಂದೇ. ಅದನ್ನ ಅವನು ಅಳಿಸು ಅಂದ್ರೆ ಅಳಿಸ್ತೀನಿ." ಸಾನ್ವಿ ಅಲ್ಲೇ ಶಶಿಕಿರಣನಿಗೆ ಫೋನ್ ಮಾಡಿದಳು. ಅವನು, "ಅಮ್ಮ ಅಲ್ಲಿಗೂ ಬಂದ್ರಾ?" ಎಂದ. ಆಮೇಲೆ, "ಅಳಿಸ್ಬಿಡಿ," ಎಂದ. ಅವಳು ಎಲ್ಲರ ಕಣ್ಣೆದುರೇ ಅಳಿಸಿದಳು. ಅಜ್ಜಿಯ ಮುಂದೆ ಮಾತಿಲ್ಲದೆ ಕೈಚಾಚಿ ಫೋನು ಇಸಿದುಕೊಂಡು ಅದರಿಂದಲೂ ಅಳಿಸಿದಳು. ಗಿರಿಜಾಂಬಾ ಕಂತೆಯಿಂದ ಒಂದೆರಡು ನೋಟು ಎಳೆದರು.

"ಅಳಿಸಿದ್ದಕ್ಕೆ ಯಾರಾದ್ರೂ ದುಡ್ಡು ತಗೋತಾರಾ ಆಂಟಿ? ಎತ್ತಿಟ್ಕೊಳಿ."

ಆ ರಾತ್ರಿ ಊಟಕ್ಕೆ ಕೂತಾಗ ಮನೋಹರ ಅನ್ನ ಕಲಸುತ್ತ, "ವ್ಯಾಪಾರ ಬರಲ್ಲ ನಿನಗೆ," ಎಂದ. ಎರಡು ತುತ್ತಾದ ಮೇಲೆ, ಯಾರೂ ಕೇಳದಿದ್ದರೂ, "ಒಬ್ಬರು ಆರ್ಡರ್ ಕೊಟ್ಟು ಹೊಡೆಸಿದ ಕಾರ್ಡನ್ನ ಇನ್ನೊಬ್ಬರು ಬಂದು ಕೇಳಿದ್ರೆ ನಾವೂ ಕೊಡಲ್ಲ. ಅದು ಬೇರೆ ಮಾತು," ಎಂದ. ಶಿವರಂಜಿನಿ ಅವನ ತಟ್ಟೆಗೆ ತುಪ್ಪ ಬಡಿಸಿದಳು.

ಎಳ್ಳು ಬೀರಿ ಬಂದ ಮರುದಿನ ಆಂಜಿನಯ್ಯ ಮತ್ತೆ ಕರೆ ಮಾಡಿದ. "ಕೊನೇ ರೇಸಿಗೆ ಬಂದ್ಬಿಡಮ್ಮ. ಹುಡುಗ್ರೇ ಕರಿ ಅಂದ್ರು. ಅವರಮ್ಮ ಕಂತೆ ಇಟ್ರೂ ಕೊಡ್ಲಿಲ್ಲ ಅಂತ ಶಶಿ ಎಲ್ಲರ ಹತ್ರಾನೂ ಹೇಳವ್ನೆ."

ಆ ರೇಸು ಮನೋಹರ ಒಪ್ಪಿಕೊಂಡಿದ್ದ ಮದುವೆಯ ಭಾನುವಾರವೇ ಬಿದ್ದಿತ್ತು. ಮತ್ತೆ ಜಗಳ.

"ಸಂಕ್ರಾಂತಿ ಕಳೀತು. ಮಾತು ಮುಗೀತು," ಎಂದ ಮನೋಹರ.

"ಮದುವೆಗೆ ಬೇರೆ ಹುಡುಗನ್ನ ಕಳಿಸಿ," ಎಂದಳು ಶಿವರಂಜಿನಿ. "ಅವನ ಕೂಲಿ ಇವಳು ಕೊಡ್ಲಿ."

"ಆಮೇಲೆ ಇವಳಿಗೆ ಉಳಿಯೋದೇನು?"

"ಭಾನುವಾರ ಉಳಿಯುತ್ತಪ್ಪ," ಎಂದಳು ಸಾನ್ವಿ.

ಮನೋಹರ ಗೊಣಗಿಕೊಂಡೇ ಮದುವೆಯವರಿಗೆ ಫೋನ್ ಮಾಡಿದ. ಇದೊಂದು ಸಲ ಮಾತ್ರ ಎಂದು ಎರಡು ಸಲ ಹೇಳಿದ.

ಆ ಭಾನುವಾರ ಸಂಜೆ ಸಾನ್ವಿ ಬಂದು, ಸ್ನಾನ ಮಾಡಿ, ಅಜ್ಜಿಯ ಪಕ್ಕ ಕೂತಳು. ಬಹಳ ದಿನದ ಮೇಲೆ ಆ ಜಾಗದಲ್ಲಿ ಕೂತದ್ದು. ಲ್ಯಾಪ್‌ಟಾಪನ್ನು ಅಜ್ಜಿಯ ಕಡೆ ತಿರುಗಿಸಿದಳು. ಬೇರೆ ಬಣ್ಣದ ಉಡುಪು, ಬೇರೆ ನಂಬರು. ಗಾಡಿ ಮಾತ್ರ ಅವತ್ತಿನ ಹಾಗೆಯೇ ಆಳೆತ್ತರಕ್ಕೆ ಹಾರಿತ್ತು.

ಶೈಲಜಮ್ಮ ಮೊಮ್ಮಗಳ ಮುಖ ನೋಡಿದರು. "ಆ ಲಿಂಗದ ಹುಡುಗನಾ?"

"ಹೂಂ."

ಅಷ್ಟೇ. ಯಾರಿಗೂ ಹೇಳಬೇಡ ಎಂದು ಸಾನ್ವಿ ಈ ಸಲ ಹೇಳಲಿಲ್ಲ. ಮುಂದಿನ ಫೋಟೋಗೆ ಹೋದಳು.

ಆಗಲೇ ಶೈಲಜಮ್ಮನ ಫೋನು ಬಡಿದುಕೊಂಡಿತು. ಗಿರಿಜಾಂಬಾ.

"ಶೈಲಜಮ್ಮನೋರೆ, ಬೆಳಿಗ್ಗೆ ಹೋದೋನು ಇನ್ನೂ ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ನಿಮ್ಮ ಮೊಮ್ಮಗಳು ಅಲ್ಲಿಗೆ ಹೋಗಿದ್ಲಂತಲ್ಲ. ಅವನಿದ್ನಾ ಅಲ್ಲಿ?"

ಸಾನ್ವಿಯ ಬೆರಳು ಕೀಲಿಯ ಮೇಲೆ ನಿಂತಿತು. ಅವಳು ಅಜ್ಜಿಯ ಕಡೆ ನೋಡಲಿಲ್ಲ.

"ಅಲ್ಲಿ ಯಾರ್ಯಾರಿದ್ರು ಅಂತ ನಾನು ಕೇಳೋಕೆ ಹೋಗಲ್ಲ ಗಿರಿಜಾಂಬಾ," ಎಂದರು ಶೈಲಜಮ್ಮ. "ಯಾರೂ ಬಿದ್ದಿಲ್ಲವಂತೆ. ಅಷ್ಟು ಗೊತ್ತು."

ಆ ಕಡೆ ಕುಕ್ಕರು ಕೂಗಿದ್ದು ಕೇಳಿಸಿತು.

"ಯಾರೂ ಬಿದ್ದಿಲ್ಲ ಅಂದ್ರಲ್ಲ?"

"ಯಾರೂ ಇಲ್ಲ."

"ಸರಿ ಹಾಗಾದ್ರೆ," ಎಂದು ಗಿರಿಜಾಂಬಾ ಫೋನಿಟ್ಟರು.

ಶೈಲಜಮ್ಮ ಮೊಣಕಾಲಿಗೆ ಕೈಯೂರಿ ಎದ್ದರು. "ಸಾರು ಬಿಸಿ ಮಾಡ್ತೀನಿ. ಮುದ್ದೆ ತಣ್ಣಗಾಗಿದೆ."

"ಅಜ್ಜಿ," ಎಂದಳು ಸಾನ್ವಿ. "ಇಬ್ಬರು ಬಿದ್ರು."

ಶೈಲಜಮ್ಮ ಅಲ್ಲೇ ನಿಂತರು.

"ಅವನಾ?"

"ಅವನಲ್ಲ. ಬೇರೆಯವರು. ಒಬ್ಬನಿಗೆ ಕೈ ಮುರೀತು. ಆಸ್ಪತ್ರೆಗೆ ಕರ್ಕೊಂಡೋದ್ರು."

"ಅವನ ಮನೇಲಿ ಹೇಳಿದಾರಾ?"

ಸಾನ್ವಿ ಲ್ಯಾಪ್‌ಟಾಪ್ ಮುಚ್ಚಿದಳು.

"ಯಾವ ಕಡೆ ಅವನ ಮನೆ?"

"ಅಜ್ಜಿ."

"ಕೇಳ್ದೆ ಅಷ್ಟೇ," ಎಂದು ಶೈಲಜಮ್ಮ ಒಲೆ ಹಚ್ಚಲು ಹೋದರು.